ಚಿನ್ನ ಕೊಟ್ಟ ಊರಿಗೆ ನೀರು, ನೆರಳು, ಹಕ್ಕುಪತ್ರ

1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ ತಂತಿ ಬೆಂಗಳೂರಿನ ಬೀದಿ ಬೆಳಗಲು ಬರಲಿಲ್ಲ. ತೊಂಬತ್ತು ಮೈಲಿಗೂ ಹೆಚ್ಚು ದೂರ ಓಡಿ ಕೋಲಾರದ ಚಿನ್ನದ ಗಣಿಗೆ, ಅಂದರೆ ಕೆಜಿಎಫ್‌ಗೆ, ಹೋಯಿತು. ಅಷ್ಟು ದೂರ ಕರೆಂಟು ಸಾಗಿಸಿದ ಉದಾಹರಣೆ ಆಗ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಮೂರು ವರ್ಷ ಕಳೆದ ಮೇಲೆ, 1905ರಲ್ಲಿ. ಗಣಿಗೆ ಕೊಟ್ಟು ಮಿಕ್ಕ ಬೆಳಕಿನಲ್ಲಿ ನಮ್ಮ ರಾಜಧಾನಿ ಕಣ್ಣುಬಿಟ್ಟಿತು ಎಂದರೆ ಅತಿಶಯೋಕ್ತಿಯೇನಲ್ಲ.

ಇವತ್ತು ಅದೇ ಗಣಿ ಊರಿನವರು ಬೆಳಕು ಹರಿಯುವ ಮುಂಚೆ ಎದ್ದು ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತುತ್ತಾರೆ. ಬಂಗಾರಪೇಟೆ ದಾಟಿ ಬೆಂಗಳೂರಿಗೆ ಬಂದು ನಮ್ಮ ಆಫೀಸಿನ ನೆಲ ಒರೆಸುತ್ತಾರೆ, ಗೇಟು ಕಾಯುತ್ತಾರೆ, ಅಂಗಡಿಯಲ್ಲಿ ಬಿಲ್ಲು ಹಾಕುತ್ತಾರೆ, ಕಂಪ್ಯೂಟರ್ ಮುಂದೆಯೂ ಕೂರುತ್ತಾರೆ. ರಾತ್ರಿ ಅದೇ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ವಾಪಸು. ಅಪ್ಪ ದಿನಾ ನೆಲದ ಕೆಳಗೆ ಇಳಿದು ಹತ್ತುತ್ತಿದ್ದ. ಮಗ ದಿನಾ ನೂರು ಕಿಲೋಮೀಟರ್ ಹೋಗಿ ಬರುತ್ತಾನೆ. ಊರಿನಲ್ಲಿ ಅವನಿಗೆ ಕೆಲಸವಿಲ್ಲ.

ಕೆಜಿಎಫ್ ಎಂದರೆ ಈಗ ಜನಕ್ಕೆ ನೆನಪಾಗುವುದು ಸಿನಿಮಾ. 2018ರ ಆ ಸಿನಿಮಾ ನೋಡಿ ಶಿಳ್ಳೆ ಹೊಡೆದವರಲ್ಲಿ ಎಷ್ಟು ಜನ ಆ ಊರಿನ ಗಣಿ ಕಾರ್ಮಿಕರ ಒಂದು ಲೈನುಮನೆಯ ಒಳಗೆ ಕಾಲಿಟ್ಟಿದ್ದಾರೋ ಕಾಣೆ. ಸಿನಿಮಾದ ಮೇಲೆ ನನಗೆ ಕೋಪವಿಲ್ಲ. ನನ್ನ ಜಗಳ ಇರುವುದು ನಮ್ಮ ಮರೆವಿನ ಜೊತೆ.

1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ತೆರೆಯಿತು. ಬ್ರಿಟಿಷರು ಕಟ್ಟಿಕೊಂಡ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳಿಂದ ಇದಕ್ಕೆ 'ಲಿಟಲ್ ಇಂಗ್ಲೆಂಡ್' ಎಂಬ ಹೆಸರೂ ಬಂತು. ಆ ಹೆಸರು ಬಂಗಲೆಗಳಿಗೆ ಸರಿ. ಉತ್ತರ ಆರ್ಕಾಟ್, ಚಿತ್ತೂರು ಕಡೆಯಿಂದ ಬಂದ ಕೂಲಿಗಳಿಗೆ, ಅವರಲ್ಲಿ ಬಹುಪಾಲು ದಲಿತರಿಗೆ, ಸಿಕ್ಕಿದ್ದು ಬಿದಿರು ತಟ್ಟಿಯ ಗುಡಿಸಲಿನ ಸಾಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಬಿಸಿ ಅರವತ್ತು ಡಿಗ್ರಿ ಮೀರುತ್ತಿತ್ತು. ಬಂಡೆ ಸಿಡಿದು ಸತ್ತವರೆಷ್ಟೋ, ಕಲ್ಲುಧೂಳು ಕುಡಿದು ಸಿಲಿಕೋಸಿಸ್‌ನಿಂದ ನಲವತ್ತರಲ್ಲೇ ಕೆಮ್ಮಿ ಕೆಮ್ಮಿ ಮುಗಿದವರೆಷ್ಟೋ. ಸುಮಾರು 120 ವರ್ಷದಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಮೇಲೆ ಬಂತು. ಗಣಿಯನ್ನು ಕೊನೆಗೆ ನಡೆಸುತ್ತಿದ್ದ ಕೇಂದ್ರ ಸರ್ಕಾರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಪಂಪು ನಿಂತ ಗಣಿಗಳಿಗೆ ನೀರು ನುಗ್ಗಿತು. ಊರು ಅಲ್ಲೇ ಉಳಿಯಿತು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನರ ಸಮೇತ.

ಜನರ ಜೊತೆಗೆ ದಿಬ್ಬಗಳೂ ಉಳಿದವು. ಚಿನ್ನ ಬಿಡಿಸಲು ಅರೆದ ಕಲ್ಲಿನ ಹುಡಿ ಅದು, ಸೈನೈಡ್ ದ್ರಾವಣದಲ್ಲಿ ತೊಳೆದು ಬಿಸಾಕಿದ್ದು. ಊರವರು ಸೈನೈಡ್ ದಿಬ್ಬ ಎನ್ನುತ್ತಾರೆ. ಅಂಥ 13 ದಿಬ್ಬಗಳು ಸಾವಿರ ಎಕರೆಯಲ್ಲಿ ಹರಡಿವೆ, ತೂಕ ಸುಮಾರು 3.3 ಕೋಟಿ ಟನ್. ಹತ್ತಿರ ಹೋಗಿ ನೋಡಿದರೆ ಹಿಟ್ಟಿನಷ್ಟು ನುಣುಪು. ಮಳೆ ಕೊರೆದ ಕೊರಕಲುಗಳು ಮೇಲಿಂದ ಕೆಳಗಿನವರೆಗೆ ಬೆರಳು ಬಿಟ್ಟಿರುತ್ತವೆ. ಆಷಾಢದ ಗಾಳಿ ಎದ್ದಿತೆಂದರೆ ಕೆಳಗಿನ ಲೈನುಗಳಲ್ಲಿ ಕಿಟಕಿ ಹಾಕಿಕೊಳ್ಳಬೇಕು, ಅನ್ನದ ಪಾತ್ರೆ ಮುಚ್ಚಬೇಕು, ಒಣಗಲು ಹಾಕಿದ ಬಟ್ಟೆ ಒಳಗೆ ತರಬೇಕು. ಸೈನೈಡೇನೋ ಬಿಸಿಲಿಗೆ, ಗಾಳಿಗೆ ವರ್ಷಗಳು ಕಳೆದಂತೆ ಒಡೆದುಹೋಗುತ್ತದೆ. ಕಲ್ಲಿನ ಜೊತೆ ಬಂದ ಲೋಹಗಳು ಒಡೆಯುವುದಿಲ್ಲ. ನುಣ್ಣನೆಯ ಸಿಲಿಕಾ ಧೂಳಂತೂ ಗಣಿಗೆ ಇಳಿಯದ ಹೆಂಗಸರ, ಮಕ್ಕಳ ಎದೆಗೂ ಇಳಿಯುತ್ತದೆ.

ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಈ ಜಾಗ ಈಗ ದಿಢೀರನೆ ಎಲ್ಲರಿಗೂ ಬೇಕಾಗಿದೆ. ದಿಬ್ಬದಲ್ಲಿ ಇನ್ನೂ ಉಳಿದಿರುವ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಖಾಲಿ ಜಮೀನಿನಲ್ಲಿ ಇಂಡಸ್ಟ್ರಿಯಲ್ ಟೌನ್‌ಶಿಪ್ ಮಾಡುವ ಮಾತು ಅದಕ್ಕೂ ಮೊದಲಿನಿಂದ ಇದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಊರಿಗೆ ಹತ್ತಿರದ ಬೇತಮಂಗಲದ ಪಕ್ಕದಲ್ಲೇ ಹಾದುಹೋಗಿದೆ. ರಸ್ತೆ ಬಂದಲ್ಲಿ ಸೈಟಿನ ಬೋರ್ಡು ಬರುತ್ತದೆ, ಬೋರ್ಡಿನ ಮೇಲೆ 'ಗ್ರೀನ್', 'ಇಕೋ', 'ನೇಚರ್' ಎಂಬ ಪದಗಳು ಬರುತ್ತವೆ. ಅದೆಲ್ಲ ನಮಗೆ ಹೊಸದಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟು, ಮಾಲುಗಳನ್ನು ನಾವು ಕಂಡಿದ್ದೇವೆ. ಆ ಮಿಲ್ಲಿನ ಕಾರ್ಮಿಕನ ಮೊಮ್ಮಗ ಅಲ್ಲಿ ಫ್ಲ್ಯಾಟು ಕೊಂಡ ಸುದ್ದಿಯನ್ನು ಮಾತ್ರ ನಾನು ಕೇಳಿಲ್ಲ.

ಆದ್ದರಿಂದ ಈ ಕರೆ. ಕೆಜಿಎಫ್ ಅನ್ನು ಮತ್ತೆ ಕಟ್ಟುವುದು ಖಂಡಿತ, ಯಾರಿಗಾಗಿ ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಗಾಜಿನ ಕಟ್ಟಡಕ್ಕೆ ಬಳ್ಳಿ ಹಬ್ಬಿಸಿ, ತಾರಸಿಗೆ ಸೋಲಾರ್ ಫಲಕ ಹೊದಿಸಿ, ಪಕ್ಕದ ಲೈನಿನಲ್ಲಿ ಹೆಂಗಸರು ಕೊಡ ಹಿಡಿದು ಟ್ಯಾಂಕರ್ ಕಾಯುವ ಹಾಗಾದರೆ ಅದು ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮುಡಿಸಿದ ಮಲ್ಲಿಗೆ. ಹಸಿರು ಕಟ್ಟಡ ಎನ್ನುವುದು ಇಲ್ಲಿ ಅರ್ಥ ಪಡೆಯುವುದಾದರೆ ಲೈನುಮನೆಯಿಂದಲೇ ಶುರುವಾಗಬೇಕು.

ಆ ಮನೆ ಹೇಗಿದೆ ಎಂದು ಮೊದಲು ನೋಡೋಣ. ಉದ್ದಕ್ಕೆ ಒಂದೇ ಗೋಡೆ ಹಂಚಿಕೊಂಡ ಸಾಲು. ಒಂದು ಕೋಣೆ, ಅದಕ್ಕೆ ಅಂಟಿದ ಅಡುಗೆ ಮೂಲೆ, ಮುಂದೆ ಆಮೇಲೆ ಇಳಿಸಿಕೊಂಡ ಶೀಟಿನ ಚಾಚು. ಬಾಗಿಲ ಪಕ್ಕ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಅದರ ಮುಚ್ಚಳದ ಮೇಲೆ ಒಂದು ಕಲ್ಲು. ಬೇಸಿಗೆಯ ಮಧ್ಯಾಹ್ನ ಶೀಟಿನ ಕೆಳಗೆ ಕೂರಲಾಗದೆ ಮುದುಕರು ಎದುರು ಬೇವಿನ ಮರವಿದ್ದರೆ ಅದರ ಕೆಳಗೆ, ಇಲ್ಲದಿದ್ದರೆ ಗೋಡೆಯ ನೆರಳಿನ ಜೊತೆಜೊತೆಗೇ ಸರಿಯುತ್ತಾ ಕೂತಿರುತ್ತಾರೆ. ಇದಕ್ಕೆ ಬೇಕಾದ ಮೊದಲ ವಾಸ್ತುಶಿಲ್ಪ ಒಂದು ತಣ್ಣನೆಯ ಸೂರು.

ಆ ವಿದ್ಯೆ ನಮ್ಮಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರ ಇಂಥ ಕೆಲಸಕ್ಕೇ ಹುಟ್ಟಿದ್ದು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಒತ್ತಿದ ಮಣ್ಣಿನ ಇಟ್ಟಿಗೆಯನ್ನು ರೂಢಿಗೆ ತಂದರು. ಸ್ಥಳದ ಕೆಮ್ಮಣ್ಣಿಗೆ ಮರಳು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದರೆ ಸಾಕು, ಸುಡುವ ಕೆಲಸವಿಲ್ಲ. ಕೋಲಾರದ ಕೆಂಪು ಮಣ್ಣು ಇದಕ್ಕೆ ಒಗ್ಗುತ್ತದೆ. ಕಲ್ಲು ಚಪ್ಪಡಿ ಹೊದೆಸಿದ ಮಾಡು ಕೋಲಾರ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಕಲ್ಲಿನ ಕೆಲಸ ಗೊತ್ತಿರುವ ಕೈಗಳು, ಕಬ್ಬಿಣ ಕೆಲಸ ಕಲಿತ ಫಿಟ್ಟರು, ವೆಲ್ಡರುಗಳು ಕೆಜಿಎಫ್‌ನಲ್ಲಿ ತಲೆಮಾರುಗಳಿಂದ ಇದ್ದಾರೆ. ಮನೆ ಕಟ್ಟಲು ಹೊರಗಿನ ಕಂಟ್ರಾಕ್ಟರನ್ನೂ ಸಿಮೆಂಟ್ ಲಾರಿಯನ್ನೂ ಕರೆಸುವ ಮೊದಲು ಇವರನ್ನು ಕರೆಯಬೇಕು. ಐವತ್ತು ಮನೆಗೆ ಒಂದು ಇಟ್ಟಿಗೆ ಯಂತ್ರ ಇಟ್ಟರೆ ಬೆಳಗಿನ ರೈಲು ಹತ್ತುವವರಲ್ಲಿ ಒಂದಷ್ಟು ಜನಕ್ಕಾದರೂ ಊರಲ್ಲೇ ಕೂಲಿ ಹುಟ್ಟುತ್ತದೆ.

ದಿಬ್ಬದ ಹುಡಿಯನ್ನೂ ಇಟ್ಟಿಗೆ ಮಾಡಬಹುದೇ? ಕೆಜಿಎಫ್‌ನಲ್ಲೇ ನೆಲೆಯಿದ್ದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಈ ಹುಡಿಗೆ ಕೆಮ್ಮಣ್ಣು, ಎರೆಮಣ್ಣು ಬೆರೆಸಿ ಸುಟ್ಟು ನೋಡಿದ್ದಾರೆ, 2007ರಲ್ಲಿ ಅದನ್ನು ಪ್ರಕಟಿಸಿದ್ದಾರೆ. ಇಟ್ಟಿಗೆ ಆಗುತ್ತದೆ. ಆದರೆ ಪ್ರಯೋಗಾಲಯದಲ್ಲಿ ಆಯಿತೆಂದು ಅದನ್ನು ಮಗು ಮಲಗುವ ಕೋಣೆಯ ಗೋಡೆಗೆ ತಕ್ಷಣ ತರಬಾರದು ಎಂಬುದು ನನ್ನ ಅಭಿಪ್ರಾಯ. ಒಂದೊಂದು ದಿಬ್ಬದ ಹುಡಿ ಒಂದೊಂದು ಥರ. ಮಳೆಗೆ ನೆನೆದಾಗ ಅದರಿಂದ ಏನು ಸೋರುತ್ತದೆ ಎಂದು ದಿಬ್ಬ ದಿಬ್ಬಕ್ಕೂ ಪರೀಕ್ಷೆಯಾಗಿ, ಫಲಿತಾಂಶ ಊರವರ ಕೈಗೆ ಸಿಗಬೇಕು. ಅಲ್ಲಿಯವರೆಗೆ ಬೇಕಾದರೆ ಕಾಂಪೌಂಡಿಗೆ ಬಳಸಲಿ. ತರಕಾರಿ ಮಡಿಯ ಮಾತೂ ಹಾಗೆಯೇ. ನಗರ ಕೃಷಿ ಎಂಬುದು ಕೇಳಲು ಇಂಪು. ದಿಬ್ಬದ ಧೂಳು ಕೂತ ನೆಲದಲ್ಲಿ ಸೊಪ್ಪು ಬೆಳೆದು ತಿನ್ನಿ ಎಂದು ಬಡವರಿಗೆ ಹೇಳುವ ಮೊದಲು ಆ ಮಣ್ಣನ್ನು ಹೇಳುವವರು ಪರೀಕ್ಷಿಸಲಿ, ಆ ಸೊಪ್ಪಿನ ಸಾರನ್ನು ತಾವೂ ಉಣ್ಣಲಿ.

ನೀರಿನ ಲೆಕ್ಕ ಸುಲಭ. ಕೋಲಾರದಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ ಎಂದಿಟ್ಟುಕೊಳ್ಳಿ. 20 ಚದರ ಮೀಟರಿನ ಪುಟ್ಟ ಮಾಡಿನ ಮೇಲೆ ಬೀಳುವುದು 14,000 ಲೀಟರ್. ಐದರಲ್ಲಿ ಒಂದು ಪಾಲು ಸೋರಿಹೋದರೂ 11,000 ಲೀಟರ್ ಕೈಗೆ ಸಿಗುತ್ತದೆ. ನಾಲ್ಕು ಜನರ ಮನೆಯಲ್ಲಿ ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಎಂದರೆ ವರ್ಷಕ್ಕೆ 7,300. ಮಾಡು ಚಿಕ್ಕದೇ, ಮಳೆ ಕಡಿಮೆಯೇ, ಆದರೂ ಸಾಲುತ್ತದೆ. ಸಂಪು ಕಟ್ಟಲು ಜಾಗ ಬೇಕು, ಸಾಲುಮನೆಗೆ ಸಾಲಿನ ತಲೆಯಲ್ಲಿ ಒಂದು ಸಾಮೂಹಿಕ ಸಂಪು ಆಗಬಹುದು. ಧೂಳು ತೊಳೆದುಹೋಗಲು ಮೊದಲ ಮಳೆಯನ್ನು ಹೊರಗೆ ಬಿಡುವ ಕೊಳವೆ ಇರಬೇಕು. ಕೆಜಿಎಫ್‌ನಲ್ಲಂತೂ ಅದನ್ನು ಮರೆಯುವ ಹಾಗೇ ಇಲ್ಲ, ದಿಬ್ಬಗಳಿಗೆ ಹೊದಿಕೆ ಬೀಳುವವರೆಗೆ ಈ ನೀರನ್ನು ಪರೀಕ್ಷೆ ಮಾಡದೆ ಕುಡಿಯುವ ಹಾಗೂ ಇಲ್ಲ. ಸಾವಿರಾರು ಕೆರೆ ಕಟ್ಟಿದ ಜಿಲ್ಲೆಯ ಜನಕ್ಕೆ ನೀರು ಹಿಡಿದಿಡುವ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಣಿ ಕಂಪನಿ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ನೀರು ತರಿಸಿದ ಕಾಲದಲ್ಲಿ ಬಂಗಲೆಗೆಷ್ಟು, ಲೈನಿಗೆಷ್ಟು ಎಂದು ತೀರ್ಮಾನಿಸಿದವರು ಬೇರೆ. ಈಗ ತೀರ್ಮಾನಿಸುವವರು ನಾವೇ ಆರಿಸಿದವರು.

ಶೌಚಾಲಯದ ಮಾತು ಆಡಲು ನಮ್ಮ ಗ್ರೀನ್ ಆರ್ಕಿಟೆಕ್ಟುಗಳಿಗೆ ಯಾಕೋ ಸಂಕೋಚ. ಕೆಜಿಎಫ್‌ನ ವಿಷಯದಲ್ಲಿ ಆ ಸಂಕೋಚ ಅಪರಾಧವಾಗುತ್ತದೆ. ಮಲ ಹೊರುವ ಪದ್ಧತಿಯನ್ನು ದೇಶ 1993ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ಅದಾದ ಎಷ್ಟೋ ವರ್ಷಗಳ ನಂತರವೂ ಈ ಊರಿನ ಲೈನುಗಳಲ್ಲಿ ಮನುಷ್ಯರು ಬಕೆಟ್ಟು ಹಿಡಿದು ಗುಂಡಿಗೆ ಇಳಿಯುತ್ತಿದ್ದರು, 2011ರಲ್ಲಿ ಹಾಗೆ ಇಳಿದವರು ಹೆಣವಾದರು. ಚಿನ್ನ ಎತ್ತಲು ಮೂರು ಕಿಲೋಮೀಟರ್ ಆಳಕ್ಕೆ ಲಿಫ್ಟು ಬಿಟ್ಟ ಊರಿನಲ್ಲಿ ಶೌಚದ ಗುಂಡಿ ಎತ್ತಲು ಯಂತ್ರ ಇರಲಿಲ್ಲ! ಬೆಂಗಳೂರಿನ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದ ಶೌಚಗುಂಡಿಯ ಕೆಸರನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ನಡೆಯುತ್ತಿದೆ, ಟ್ರಕ್ಕು ಹೀರಿ ತರುತ್ತದೆ, ಕೈ ಮುಟ್ಟಬೇಕಾಗಿಲ್ಲ. ಅಂಥದ್ದು ಕೆಜಿಎಫ್‌ಗೆ ಬರಲಿ. ಅದರ ಗೊಬ್ಬರ ದಿಬ್ಬದ ಮೇಲೆ ಹುಲ್ಲು ಹಿಡಿಸಲು ಬೇಕೇ ಬೇಕು, ಏಕೆಂದರೆ ಆ ಹುಡಿಯಲ್ಲಿ ಸತ್ವ ಅನ್ನುವುದೇ ಇಲ್ಲ. ಮೊದಲು ಮಣ್ಣಿನ ಹೊದಿಕೆ, ಆಮೇಲೆ ಸ್ಥಳೀಯ ಹುಲ್ಲು, ಆಮೇಲೆ ಹೊಂಗೆ, ಜಾಲಿ. ವರ್ಷಗಟ್ಟಲೆ ಹಿಡಿಯುವ ಈ ಕೆಲಸಕ್ಕೆ ಉದ್ಘಾಟನೆಯ ರಿಬ್ಬನ್ನು ಸಿಗುವುದಿಲ್ಲ, ಅದಕ್ಕೇ ಯಾರೂ ಮುಂದೆ ಬರುವುದಿಲ್ಲ.

ಕರೆಂಟಿಗೆ ಬಂದರೆ, ಸೋಲಾರ್ ಫಲಕಕ್ಕೆ ಒಂದು ಮೆಗಾವ್ಯಾಟಿಗೆ ಐದು ಎಕರೆ ಎಂದರೆ ಧಾರಾಳ. ಗಣಿಯ ಬಂಜರಿನಲ್ಲಿ ನೂರು ಎಕರೆ ಕೊಟ್ಟರೆ 20 ಮೆಗಾವ್ಯಾಟ್, ವರ್ಷಕ್ಕೆ ಹತ್ತಿರ ಹತ್ತಿರ 3 ಕೋಟಿ ಯುನಿಟ್. ತಿಂಗಳಿಗೆ 75 ಯುನಿಟ್ ಉರಿಸುವ 33,000 ಮನೆಗಳ ಖರ್ಚು ಅದು. ಬೆಂಗಳೂರಿಗಿಂತ ಮೊದಲು ಕರೆಂಟು ಕಂಡ ಊರು ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳಲಿ. ಆದರೆ ಒಡೆತನ ಯಾರದ್ದು? ಕಂಪನಿಯೊಂದು ಜಮೀನು ಗುತ್ತಿಗೆ ಹಿಡಿದು, ಬೇಲಿ ಹಾಕಿ, ಯುನಿಟ್ಟನ್ನು ಗ್ರಿಡ್ಡಿಗೆ ಮಾರಿ ಹೋದರೆ ಊರಿಗೆ ಸಿಗುವುದು ಬೇಲಿಯ ನೋಟ ಮಾತ್ರ. ನಗರಸಭೆಯೋ, ಹಳೆಯ ಗಣಿ ಕಾರ್ಮಿಕರ ಸಹಕಾರ ಸಂಘವೋ ಅದರ ಮಾಲೀಕತ್ವ ಹಿಡಿಯಬೇಕು.

ಹೊರದೇಶದಲ್ಲಿ ಇದೆಲ್ಲ ಮಾಡಿ ತೋರಿಸಿದ್ದಾರಲ್ಲ ಎನ್ನುತ್ತಾರೆ. ಹೌದು, ತೋರಿಸಿದ್ದಾರೆ, ಎಡವಿಯೂ ತೋರಿಸಿದ್ದಾರೆ. ಲಂಡನ್ನಿನ ದಕ್ಷಿಣಕ್ಕೆ ಬೆಡ್‌ಜೆಡ್ ಎಂಬ ಬಡಾವಣೆ 2002ರಲ್ಲಿ ಮುಗಿಯಿತು, ನೂರರಷ್ಟು ಮನೆ, ತನ್ನ ಶಾಖ ತನ್ನ ವಿದ್ಯುತ್ತು ತಾನೇ ಮಾಡಿಕೊಳ್ಳುತ್ತದೆ ಎಂದು ಜಗತ್ತೆಲ್ಲ ಹೊಗಳಿತು. ಮರದ ಚೂರು ಉರಿಸಿ ವಿದ್ಯುತ್ ಮಾಡುವ ಅದರ ಯಂತ್ರ ಕೆಲವೇ ವರ್ಷಕ್ಕೆ ಕೈಕೊಟ್ಟಿತು, ಕೊಳಚೆ ನೀರು ಶುದ್ಧ ಮಾಡುವ ವ್ಯವಸ್ಥೆಯೂ ನಿಂತಿತು. ಕೈಕೊಡದೆ ಉಳಿದದ್ದು ದಪ್ಪ ಗೋಡೆ, ದಕ್ಷಿಣದ ಬಿಸಿಲಿಗೆ ಮುಖಮಾಡಿದ ಗಾಜಿನ ಜಗಲಿ. ಅಂದರೆ ಮೆಕ್ಯಾನಿಕ್ಕಿನ ಹಂಗಿಲ್ಲದ್ದು ಉಳಿಯಿತು. ಸಣ್ಣ ನಗರಸಭೆಯ ಬಜೆಟ್ಟಿನಲ್ಲಿ ಬದುಕಬೇಕಾದ ಕೆಜಿಎಫ್‌ಗೆ ಇದು ಕಿವಿಯಲ್ಲಿಟ್ಟುಕೊಳ್ಳಬೇಕಾದ ಮಾತು. ಹಾಗೆಯೇ ನೆದರ್ಲೆಂಡ್ಸ್‌ನ ಹೇರ್ಲೆನ್ ಊರು ನೀರು ತುಂಬಿದ ಹಳೆಯ ಕಲ್ಲಿದ್ದಲು ಗಣಿಯಿಂದ ಮನೆಗಳನ್ನು ಬೆಚ್ಚಗಿಡುತ್ತದೆ. ನಮ್ಮ ಗಣಿಯಲ್ಲೂ ನೀರು ತುಂಬಿದೆ, ಆದರೆ ಮನೆ ಬೆಚ್ಚಗಿಡುವ ಕಷ್ಟ ನಮಗಿಲ್ಲ! ನಕಲು ಹೊಡೆಯುವಾಗಲೂ ಹವಾಮಾನ ನೋಡಬೇಕು.

ಜರ್ಮನಿಯ ಫ್ರೈಬುರ್ಗ್‌ನ ವೌಬಾನ್ ಬಡಾವಣೆಯಿಂದ ಮಾತ್ರ ಕಲಿಯುವುದು ಬಹಳ ಇದೆ. ಫ್ರೆಂಚ್ ಸೇನೆ 1992ರಲ್ಲಿ ಬಿಟ್ಟುಹೋದ ಬ್ಯಾರಕ್ಕುಗಳ ಜಾಗ ಅದು. ನಕ್ಷೆ ಗಟ್ಟಿಯಾಗುವ ಮುಂಚೆಯೇ ಅಲ್ಲಿನ ಜನ ಸಂಘ ಕಟ್ಟಿಕೊಂಡು ಮೇಜಿನ ಮುಂದೆ ಕೂತರು. ಹಳೆಯ ಬ್ಯಾರಕ್ಕುಗಳಲ್ಲಿ ಕೆಲವು ಕಡಿಮೆ ಬಾಡಿಗೆಯ ಮನೆಗಳಾದವು. ಹತ್ತಾರು ಕುಟುಂಬ ಸೇರಿ ಗುಂಪಾಗಿ ಜಾಗ ಕೊಂಡು, ಒಟ್ಟಿಗೆ ಕಟ್ಟಿಸಿದವು. ಅಲ್ಲಿನ ಸೋಲಾರ್ ಮನೆಗಳ ಫೋಟೋ ಎಲ್ಲ ವಾಸ್ತುಶಿಲ್ಪ ಕಾಲೇಜುಗಳ ಗೋಡೆ ಮೇಲಿದೆ. ಆ ಸಂಘದ ಸಭೆಗಳ ಫೋಟೋ ಯಾರೂ ಅಂಟಿಸುವುದಿಲ್ಲ.

ಕೆಜಿಎಫ್‌ನಲ್ಲಿ ಆ ಮೇಜಿನ ಮುಂದೆ ಕೂರುವ ಹಕ್ಕು ಹಕ್ಕುಪತ್ರದಿಂದ ಶುರುವಾಗುತ್ತದೆ. ಮೂರು ತಲೆಮಾರು ವಾಸವಿದ್ದ ಮನೆ ತನ್ನದೇ ಎಂದು ಹೇಳಲು ಒಂದು ಕಾಗದವಿಲ್ಲದವನು ಮಾಡಿಗೆ ಫಲಕ ಹಾಕಿಸುವುದು ಹೇಗೆ, ಸಂಪು ತೋಡಿಸುವುದು ಯಾವ ಧೈರ್ಯದ ಮೇಲೆ? ನಾಳೆ ಖಾಲಿ ಮಾಡು ಎಂದರೆ ಹೊರಡಬೇಕಾದವನಿಗೆ ಮರ ನೆಡು ಎನ್ನುವುದು ಕ್ರೂರ ತಮಾಷೆ. ಕೇಂದ್ರ, ರಾಜ್ಯ, ಕಂಪನಿ ಎಂಬ ಮೂರು ಬಾಗಿಲುಗಳ ನಡುವೆ ಈ ಕಡತ ಓಡಾಡಿದ್ದು ಸಾಕು.

ಬೆಂಗಳೂರಿನವರೇ, ನಿಮ್ಮ ಕಸವನ್ನು ಆ ಊರಿನ ಗಣಿಗೆ ಸುರಿಯುವ ಮಾತು ಎದ್ದಾಗ ಅಲ್ಲಿನ ಜನ ಬೀದಿಗೆ ಇಳಿದರು. ಆಗ ನಿಮ್ಮಲ್ಲಿ ಒಬ್ಬರೂ ಅವರ ಪರ ಕೂಗಲಿಲ್ಲ. ಬೈಯಪ್ಪನಹಳ್ಳಿಯ ಮುಚ್ಚಿದ ಎನ್‌ಜಿಇಎಫ್ ಕಾರ್ಖಾನೆಯ ಜಾಗದಲ್ಲಿ ಮರಗಳ ಪಾರ್ಕು ಬರಲಿದೆ ಎಂದಾಗ ಮಾತ್ರ ಸಂತೋಷಪಟ್ಟಿರಿ. ಸಂತೋಷವೇ. ನಿಮ್ಮ ಉಸಿರಿಗೆ ಬೇಕಾದ ಮರ ಅವರ ಉಸಿರಿಗೂ ಬೇಕು, ಅವರಿಗೆ ತುಸು ಹೆಚ್ಚೇ ಬೇಕು. ವಾಸ್ತುಶಿಲ್ಪ ಕಲಿಸುವ ಮೇಷ್ಟರುಗಳೇ, ಈ ವರ್ಷದ ಥೀಸಿಸ್ ವಿದ್ಯಾರ್ಥಿಗಳನ್ನು ಮೆಟ್ರೋ ಸ್ಟೇಷನ್ ಬಿಟ್ಟು ಮಾರಿಕುಪ್ಪಂಗೆ ಕಳಿಸಿ. ಒಂದೊಂದು ಲೈನನ್ನು ಅಳೆದು, ಅಲ್ಲಿನವರ ಜೊತೆ ಕೂತು ನಕ್ಷೆ ಬರೆದು, ಆ ನಕ್ಷೆಯನ್ನು ಅವರ ಕೈಗೇ ಕೊಟ್ಟು ಬರಲಿ. ಎಂಜಿನಿಯರುಗಳೇ, ಮಣ್ಣು, ನೀರು, ಧೂಳಿನ ಪರೀಕ್ಷೆಗೆ ಸರ್ಕಾರದ ಆದೇಶ ಬರಲಿ ಎಂದು ಕಾಯಬೇಡಿ.

ಸರ್ಕಾರಕ್ಕೆ ಕೇಳಬೇಕಾದ್ದು ನೇರವಾಗಿದೆ. ಗಣಿಯಿಂದ ಬಾಧೆಪಟ್ಟ ಊರಿಗೆ ಗಣಿಯ ದುಡ್ಡಿನಲ್ಲಿ ಪಾಲಿದೆ ಎಂಬುದನ್ನು 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ತಂದ ತಿದ್ದುಪಡಿ ಒಪ್ಪಿಕೊಂಡಿದೆ. ದಿಬ್ಬಗಳ ಚಿನ್ನಕ್ಕೂ ಆ ಪಾಲು ಅನ್ವಯವಾಗಬೇಕು, ಅದು ಲೈನುಮನೆಗಳ ಸೂರು, ಸಂಪು, ಶೌಚಾಲಯಕ್ಕೇ ಹೋಗಬೇಕು. ದಿಬ್ಬ ಅಗೆಯುವಾಗ ಏಳುವ ಧೂಳನ್ನು ತಡೆಯುವ ಕ್ರಮ, ಅಗೆದು ಮಿಕ್ಕಿದ್ದನ್ನು ಎಲ್ಲಿ ಹಾಕಿ ಯಾವ ವರ್ಷದೊಳಗೆ ಹಸಿರು ಹೊದಿಸುತ್ತಾರೆ ಎಂಬ ಮಾತು ಗುತ್ತಿಗೆಯ ಒಳಗೇ ಇರಬೇಕು, ತಪ್ಪಿದರೆ ಮುಟ್ಟುಗೋಲು ಹಾಕಿಕೊಳ್ಳಲು ಠೇವಣಿ ಮೊದಲೇ ಕಟ್ಟಿಸಿಕೊಳ್ಳಬೇಕು. ಟೌನ್‌ಶಿಪ್ಪಿನ ಮೊದಲ ಕಲ್ಲು ನೆಡುವ ಮುಂಚೆ ಹಕ್ಕುಪತ್ರ ಹಂಚಿ ಮುಗಿಸಬೇಕು. ಈ ಷರತ್ತುಗಳ ಕರಡು ಕನ್ನಡದಲ್ಲೂ, ಅಲ್ಲಿನ ಹೆಚ್ಚಿನವರು ಮನೆಯಲ್ಲಾಡುವ ತಮಿಳಿನಲ್ಲೂ ಅಚ್ಚಾಗಿ ರಾಬರ್ಟ್‌ಸನ್‌ಪೇಟೆ ನಗರಸಭೆಯ ಗೋಡೆಗೆ ಅಂಟಲಿ, ವಾರ್ಡು ವಾರ್ಡಿನಲ್ಲಿ ಸಭೆ ನಡೆಯಲಿ. ಅಷ್ಟಾಗುವವರೆಗೆ ಒಂದು ಟಿಪ್ಪರ್ ಮಣ್ಣೂ ಆ ದಿಬ್ಬಗಳಿಂದ ಕದಲಬಾರದು.